ಕಾಗದದ ಪುಟ, ಗಾಜಿನ ಪುಟ

ನಡೆಯುವುದು, ಮಾತನಾಡುವುದು, ಓದುವುದು—ಈ ಮೂರನ್ನೂ ನಾವು ಒಂದೇ ಸಾಲಿನಲ್ಲಿ ಸೇರಿಸಿ ಹೇಳುವುದುಂಟು. ಮೂರನ್ನೂ ಬಾಲ್ಯದಲ್ಲಿಯೇ ಕಲಿತಿರುತ್ತೇವೆ; ಕಲಿಯುವಾಗ ಪಟ್ಟ ಕಷ್ಟವನ್ನು ಮರೆತಿರುತ್ತೇವೆ. ಆದರೆ ಮೊದಲಿನ ಎರಡಕ್ಕೂ ಮೂರನೆಯದಕ್ಕೂ ಬಹಳ ಅಂತರವುಂಟು. ಮಾತನಾಡುವ ಜನರ ನಡುವೆ ಬೆಳೆಯುವ ಮಗು ಯಾರೂ ಪಾಠ ಹೇಳದಿದ್ದರೂ ತಾನಾಗಿಯೇ ಮಾತನ್ನು ಹಿಡಿದುಕೊಳ್ಳುತ್ತದೆ. ಪುಸ್ತಕಗಳ ನಡುವೆ ಬೆಳೆಯುವ ಮಗು ತಾನಾಗಿಯೇ ಓದತೊಡಗುವುದಿಲ್ಲ. ಅದಕ್ಕೆ ಒಬ್ಬ ಗುರು ಬೇಕು, ಸ್ಲೇಟು ಬಳಪ ಬೇಕು, ತಿಂಗಳುಗಟ್ಟಲೆ ತಿದ್ದುವ ತಾಳ್ಮೆ ಬೇಕು. ಮನುಷ್ಯನು ಭೂಮಿಯ ಮೇಲೆ ಕಾಣಿಸಿಕೊಂಡು ಸುಮಾರು ಮೂರು ಲಕ್ಷ ವರ್ಷಗಳಾಗಿವೆ. ಬರವಣಿಗೆ ಹುಟ್ಟಿ ಐದು ಸಾವಿರ ವರ್ಷಗಳಿಗಿಂತ ಸ್ವಲ್ಪ ಹೆಚ್ಚಾಗಿದೆ, ಅಷ್ಟೆ. ಈ ಅಲ್ಪಾವಧಿಯಲ್ಲಿ, ಅದರಲ್ಲಿಯೂ ಬಹುಪಾಲು ಜನರು ನಿರಕ್ಷರರಾಗಿಯೇ ಇದ್ದ ಅವಧಿಯಲ್ಲಿ, ಓದುವುದಕ್ಕೆಂದೇ ಪ್ರತ್ಯೇಕವಾದ ಒಂದು ಅಂಗವು ಮೆದುಳಿನಲ್ಲಿ ವಿಕಾಸಗೊಂಡಿರಲಾರದು.

ಹಾಗಾದರೆ ನಾವು ಓದುವುದು ಮೆದುಳಿನ ಯಾವ ಭಾಗದಿಂದ? ಫ್ರಾನ್ಸ್ ದೇಶದ ಸ್ಟಾನಿಸ್ಲಾಸ್ ದೆಹೇನ್ ಎಂಬ ವಿಜ್ಞಾನಿ ಈ ಪ್ರಶ್ನೆಗೆ ಕೊಡುವ ಉತ್ತರ ಸ್ವಾರಸ್ಯವಾಗಿದೆ. ಬೇರೆ ಕೆಲಸಕ್ಕಾಗಿ ಹುಟ್ಟಿದ ಮೆದುಳಿನ ಭಾಗವನ್ನು ನಾವು ಓದಿಗಾಗಿ ಎರವಲು ಪಡೆಯುತ್ತೇವೆ ಎಂಬುದು ಆ ಉತ್ತರ. ಮೆದುಳಿನ ಎಡಪಾರ್ಶ್ವದಲ್ಲಿ, ಹಿಂಭಾಗದ ಕೆಳಮೈಯಲ್ಲಿ, ವಸ್ತುಗಳನ್ನೂ ಮುಖಗಳನ್ನೂ ಗುರುತಿಸುವ ಪ್ರದೇಶವೊಂದಿದೆ. ಅಕ್ಷರಾಭ್ಯಾಸವಾದವರಲ್ಲಿ ಅದರ ಒಂದು ಸಣ್ಣ ಭಾಗವು ಲಿಖಿತ ಪದಗಳಿಗೆ ವಿಶೇಷವಾಗಿ ಸ್ಪಂದಿಸುತ್ತದೆ. ಓದುವ ಲಿಪಿ ರೋಮನ್ ಆಗಿರಲಿ, ಚೀನೀ ಆಗಿರಲಿ, ಈ ಭಾಗದ ಸ್ಥಾನವು ಹೆಚ್ಚುಕಡಮೆ ಒಂದೇ. ದೆಹೇನ್ ಮತ್ತು ಅವರ ಸಹೋದ್ಯೋಗಿಗಳು ಪೋರ್ಚುಗಲ್ ಮತ್ತು ಬ್ರೆಜಿಲ್ ದೇಶಗಳ ೬೩ ಮಂದಿ ವಯಸ್ಕರನ್ನು ಪರೀಕ್ಷಿಸಿ ೨೦೧೦ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಾಲ್ಯದಲ್ಲಿ ಶಾಲೆಗೆ ಹೋದವರೂ, ದೊಡ್ಡವರಾದ ಮೇಲೆ ಅಕ್ಷರ ಕಲಿತವರೂ, ಅಕ್ಷರವನ್ನೇ ಅರಿಯದವರೂ ಇದ್ದರು. ಓದು ಬಲವಾದಷ್ಟೂ ಆ ಭಾಗದ ಸ್ಪಂದನವೂ ಬಲವಾಗಿತ್ತು. ದೊಡ್ಡ ವಯಸ್ಸಿನಲ್ಲಿ ಕಲಿತವರಲ್ಲಿಯೂ ಆ ಬದಲಾವಣೆ ಕಂಡುಬಂದಿತು. ಲಿಪಿಗೆ ಜಾಗ ಕೊಟ್ಟುದರಿಂದ ಮುಖಗಳನ್ನು ಗುರುತಿಸುವ ಶಕ್ತಿಗೆ ಕೊರತೆಯಾಗುವುದೇ ಎಂಬ ಸಂಶಯವೂ ಆಗ ಹುಟ್ಟಿತು. ಉತ್ತರ ಭಾರತದ ಹಳ್ಳಿಗಳಲ್ಲಿ ಹಿಂದಿಯ ನಾಗರೀಲಿಪಿಯನ್ನು ಕಲಿತ ವಯಸ್ಕರನ್ನು ಕುರಿತು ೨೦೧೯ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂಥ ನಷ್ಟವೇನೂ ಆಗುವುದಿಲ್ಲವೆಂದು ತೋರಿಸಿತು. ಮೆದುಳು ಹಳೆಯದನ್ನು ಕೆಡವದೆಯೇ ಹೊಸದನ್ನು ಕಟ್ಟಿಕೊಳ್ಳುತ್ತದೆ.

ಇದರಿಂದ ಒಂದು ವಿಷಯ ಸ್ಪಷ್ಟವಾಗುತ್ತದೆ. ಓದುವ ಶಕ್ತಿಯು ಹುಟ್ಟಿನಿಂದ ಬಂದುದಲ್ಲ. ನಾವು ಮಾಡುವ ಓದೇ ಅದನ್ನು ರೂಪಿಸುತ್ತದೆ. ಹೀಗಿರುವಾಗ ಓದುವ ಪುಟವು ಕಾಗದದಿಂದ ಗಾಜಿಗೆ, ಎಂದರೆ ಗಣಕಯಂತ್ರದ ಮತ್ತು ಮೊಬೈಲಿನ ಪರದೆಗೆ, ಬದಲಾದರೆ ಓದಿನ ರೀತಿಯೂ ಬದಲಾಗಬಹುದೇ ಎಂಬುದು ನ್ಯಾಯವಾದ ಪ್ರಶ್ನೆ. ನಮ್ಮ ವಿದ್ಯಾರ್ಥಿಗಳ ಮಟ್ಟಿಗೆ ಇದು ಬರಿಯ ಪಾಂಡಿತ್ಯದ ಪ್ರಶ್ನೆಯಲ್ಲ. ೨೦೨೦ರ ಸಾಂಕ್ರಾಮಿಕದ ಕಾಲದಲ್ಲಿ ಶಾಲೆಗಳು ಮುಚ್ಚಿದಾಗ ಪಾಠವೆಲ್ಲವೂ ಅಂಗೈಯಗಲದ ಪರದೆಗೆ ಬಂದಿಳಿಯಿತು. ಶಾಲೆಗಳು ತೆರೆದ ಮೇಲೆಯೂ ಟಿಪ್ಪಣಿಗಳು, ಹಳೆಯ ಪ್ರಶ್ನಪತ್ರಿಕೆಗಳು, ಎಷ್ಟೋ ಪಠ್ಯಪುಸ್ತಕಗಳು ಅಲ್ಲಿಯೇ ಉಳಿದುವು. ಪರೀಕ್ಷೆಯ ಹಿಂದಿನ ರಾತ್ರಿ ಮೊಬೈಲನ್ನು ಮುಖದ ಮುಂದೆ ಹಿಡಿದು ಓದುತ್ತಿರುವ ಹುಡುಗನನ್ನೋ ಹುಡುಗಿಯನ್ನೋ ಕಾಣದ ಮನೆಯಿಲ್ಲ.

ಉತ್ತರವನ್ನು ಹುಡುಕುವ ಮೊದಲು ಓದುವಾಗ ಕಣ್ಣು ಏನು ಮಾಡುತ್ತದೆಂಬುದನ್ನು ತಿಳಿದುಕೊಳ್ಳಬೇಕು. ಕಣ್ಣು ಸಾಲಿನ ಮೇಲೆ ನೀರಿನಂತೆ ಹರಿಯುತ್ತದೆಂದು ಎಲ್ಲರೂ ಭಾವಿಸುತ್ತಾರೆ. ಅದು ಹರಿಯುವುದಿಲ್ಲ, ಕುಪ್ಪಳಿಸುತ್ತದೆ. ಇದನ್ನು ನೋಡಲು ಯಾವ ಉಪಕರಣವೂ ಬೇಡ. ಒಂದು ಅಚ್ಚಾದ ಹಾಳೆಯ ನಡುವೆ ಪೆನ್ಸಿಲು ತೂರುವಷ್ಟು ರಂಧ್ರ ಮಾಡಿ ಸ್ನೇಹಿತನ ಕೈಗೆ ಕೊಟ್ಟು ಓದಲು ಹೇಳಿ. ಹಾಳೆಯ ಹಿಂದಿನಿಂದ ಆ ರಂಧ್ರದ ಮೂಲಕ ಅವನ ಕಣ್ಣುಗುಡ್ಡೆಗಳನ್ನು ನೋಡಿ. ಅವು ತಟಕ್ಕನೆ ನೆಗೆದು, ನಿಂತು, ಮತ್ತೆ ನೆಗೆಯುವುದು ಸ್ಪಷ್ಟವಾಗಿ ಕಾಣುತ್ತದೆ. ಸಾಲಿನ ಕೊನೆಯಿಂದ ಮುಂದಿನ ಸಾಲಿನ ಆರಂಭಕ್ಕೆ ಹಾರುವ ಉದ್ದನೆಯ ನೆಗೆತವನ್ನು ಮಗುವೂ ಗುರುತಿಸಬಲ್ಲದು.

ಈ ಕುಪ್ಪಳಿಕೆಯನ್ನು ೧೮೭೦ರ ದಶಕದ ಕೊನೆಯಲ್ಲಿ ಪ್ಯಾರಿಸ್ಸಿನ ನೇತ್ರವೈದ್ಯನಾದ ಎಮಿಲ್ ಜವಾಲನೂ ಅವನ ಸಂಗಡಿಗರೂ ಲೋಕದ ಗಮನಕ್ಕೆ ತಂದರು. ಅದನ್ನು ಅಳೆಯುವ ಸಾಹಸವನ್ನು ಅಮೆರಿಕಾದ ಎಡ್ಮಂಡ್ ಹ್ಯೂಯಿ ಕೈಗೊಂಡನು. ಅವನ ವಿಧಾನವನ್ನು ಇಂದು ಯಾವ ಸಂಸ್ಥೆಯೂ ಒಪ್ಪಲಾರದು: ಕಣ್ಣಿಗೆ ಅರಿವಳಿಕೆಯ ಹನಿ ಹಾಕಿ, ನಡುವೆ ರಂಧ್ರವಿರುವ ಪ್ಲ್ಯಾಸ್ಟರಿನ ತೆಳ್ಳನೆಯ ಬಟ್ಟಲೊಂದನ್ನು ಕಣ್ಣುಗುಡ್ಡೆಯ ಮೇಲೆ ಕೂರಿಸಿ, ಅದಕ್ಕೆ ಅಲ್ಯೂಮಿನಿಯಮ್ಮಿನ ಹಗುರವಾದ ಮುಳ್ಳನ್ನು ಜೋಡಿಸಿ, ಆ ಮುಳ್ಳು ಮಸಿ ಹಿಡಿಸಿದ ಉರುಳೆಯ ಮೇಲೆ ಗೀರುವಂತೆ ಮಾಡಿದನು. ೧೯೦೮ರಲ್ಲಿ ಅವನು ಓದಿನ ಮನಶ್ಶಾಸ್ತ್ರವನ್ನು ಕುರಿತು ಬರೆದ ಗ್ರಂಥವನ್ನು ಈ ಶಾಸ್ತ್ರದ ವಿದ್ಯಾರ್ಥಿಗಳು ಇಂದಿಗೂ ಗೌರವದಿಂದ ನೆನೆಯುತ್ತಾರೆ. ಈಗ ಕಣ್ಣನ್ನು ಮುಟ್ಟದೆಯೇ ಅವಕೆಂಪು ಬೆಳಕಿನ ಸಹಾಯದಿಂದ ಇದೇ ಅಳತೆಯನ್ನು ಮಾಡುತ್ತಾರೆ.

ಅಳತೆಗಳು ಹೇಳುವುದಿಷ್ಟು. ಇಂಗ್ಲಿಷ್ ಓದುವ ನುರಿತ ಓದುಗನ ಕಣ್ಣು ಒಂದೊಂದು ಕಡೆಯೂ ಸುಮಾರು ಕಾಲು ಸೆಕೆಂಡು ನಿಲ್ಲುತ್ತದೆ. ಒಂದು ನೆಗೆತಕ್ಕೆ ಏಳರಿಂದ ಒಂಬತ್ತು ಅಕ್ಷರಗಳಷ್ಟು ದೂರ ಸರಿಯುತ್ತದೆ. ನೆಗೆತದ ಅವಧಿಯಲ್ಲಿ ನಾವು ಹೆಚ್ಚುಕಡಮೆ ಏನನ್ನೂ ಕಾಣುವುದಿಲ್ಲ, ಕಾಣುವುದೆಲ್ಲ ನಿಂತಾಗಲೇ. ಅಕ್ಷಿಪಟದ ನಡುವಿನ ಒಂದು ಚಿಕ್ಕ ತಗ್ಗಿನ ಮೇಲೆ ಬಿದ್ದ ಬಿಂಬ ಮಾತ್ರವೇ ಅಕ್ಷರ ಗುರುತಿಸುವಷ್ಟು ನಿಚ್ಚಳವಾಗಿರುವುದರಿಂದ ಕಣ್ಣಿಗೆ ಈ ಅಲೆದಾಟ ತಪ್ಪಿದ್ದಲ್ಲ. ಒಂದು ಗಂಟೆ ಓದಿದರೆ ಹತ್ತು ಸಾವಿರಕ್ಕೂ ಮಿಕ್ಕಿ ನಿಲುಗಡೆಗಳಾಗುತ್ತವೆ. ಮೌನವಾಗಿ ಓದುವವರ ವೇಗವನ್ನು ಕುರಿತ ೧೯೦ ಅಧ್ಯಯನಗಳನ್ನು ಒಟ್ಟುಗೂಡಿಸಿದ ಮಾರ್ಕ್ ಬ್ರಿಸ್‌ಬಾರ್ಟ್ ಅವರು ೨೦೧೯ರಲ್ಲಿ ಕೊಟ್ಟ ಲೆಕ್ಕದಂತೆ, ವಿಷಯನಿರೂಪಣೆಯ ಇಂಗ್ಲಿಷ್ ಗದ್ಯವನ್ನು ವಯಸ್ಕರು ನಿಮಿಷಕ್ಕೆ ಸರಾಸರಿ ೨೩೮ ಪದಗಳಂತೆ ಓದುತ್ತಾರೆ. ಕನ್ನಡದ ಪದಗಳು ವಿಭಕ್ತಿ ಪ್ರತ್ಯಯಗಳನ್ನು ಹೊತ್ತು ಉದ್ದವಾಗಿರುವುದರಿಂದ ಈ ಸಂಖ್ಯೆಯನ್ನು ಹಾಗೆಯೇ ನಮಗೆ ಅನ್ವಯಿಸಲಾಗದು. ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಬೀಳುವ ನಮ್ಮ ಲಿಪಿಯನ್ನು ಕಲಿಯುವುದಕ್ಕೂ ಹೆಚ್ಚು ಕಾಲ ಬೇಕು. ಕನ್ನಡ ಮಕ್ಕಳ ಓದನ್ನು ಕುರಿತು ಸೋನಾಲಿ ನಾಗ್ ಅವರು ೨೦೦೭ರಲ್ಲಿ ಪ್ರಕಟಿಸಿದ ಅಧ್ಯಯನವು ಅಕ್ಷರಗಳ ಕಲಿಕೆ ನಾಲ್ಕನೆಯ ತರಗತಿಯವರೆಗೂ ನಡೆಯುತ್ತಲೇ ಇರುತ್ತದೆಂದು ತೋರಿಸಿದೆ.

ನಮ್ಮ ವಿಷಯಕ್ಕೆ ಮುಖ್ಯವಾದುದು ಇನ್ನೊಂದು ಅಳತೆ. ನೂರು ನೆಗೆತಗಳಲ್ಲಿ ಹತ್ತು ಹದಿನೈದು ಹಿಂದಕ್ಕೆ ಹೋಗುತ್ತವೆ. ಓದಿದ ಪದವನ್ನೋ ವಾಕ್ಯವನ್ನೋ ಕಣ್ಣು ಮತ್ತೆ ಹೋಗಿ ನೋಡಿ ಬರುತ್ತದೆ. ಇದು ಓದುಗನ ದೌರ್ಬಲ್ಯವೆಂದು ಶೀಘ್ರವಾಚನವನ್ನು ಕಲಿಸುವವರು ಬಹುಕಾಲ ಬೋಧಿಸುತ್ತ ಬಂದರು. ೨೦೧೪ರಲ್ಲಿ ‘ಸ್ಪ್ರಿಟ್ಜ್’ ಎಂಬ ಸಾಧನವೊಂದು ಪ್ರಚಾರಕ್ಕೆ ಬಂದಿತು; ಅದು ಪರದೆಯ ಒಂದೇ ಸ್ಥಳದಲ್ಲಿ ಒಂದಾದ ಮೇಲೊಂದು ಪದವನ್ನು ಮಿನುಗಿಸಿ, ಕಣ್ಣನ್ನು ಅಲುಗಾಡಿಸದೆಯೇ ವೇಗವಾಗಿ ಓದಿಸುವುದಾಗಿ ಹೇಳಿಕೊಂಡಿತು. ಅದೇ ವರ್ಷ ಎಲಿಜಬೆತ್ ಶಾಟರ್, ಕೀತ್ ರೇನರ್ ಮೊದಲಾದವರು ಒಂದು ಪ್ರಯೋಗ ನಡೆಸಿದರು. ಓದುಗನ ಕಣ್ಣು ದಾಟಿದೊಡನೆಯೇ ಹಿಂದಿನ ಪದಗಳು ಅಳಿಸಿಹೋಗುವಂತೆ ಏರ್ಪಡಿಸಿದರು. ಹಿಂದಿರುಗಿ ನೋಡಿದರೂ ಅಲ್ಲಿ ಏನೂ ಸಿಕ್ಕುವಂತಿರಲಿಲ್ಲ. ಆಗ ವಾಕ್ಯಗಳ ಅರ್ಥಗ್ರಹಣ ಗಣನೀಯವಾಗಿ ಕುಗ್ಗಿತು. ಹಿಂದಿರುಗಿ ನೋಡುವುದು ಓದಿನ ದೋಷವಲ್ಲ. ಅರ್ಥವಾಗಲಿಲ್ಲವೆಂಬುದನ್ನು ಮನಸ್ಸು ತಾನೇ ಕಂಡುಕೊಂಡು ಮಾಡುವ ತಿದ್ದುಪಡಿ. ಈ ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಇದಕ್ಕೆ ಕೆಲಸವಿದೆ.

ಹಿಂದಿರುಗಿ ನೋಡಬೇಕಾದರೆ ಎಲ್ಲಿಗೆ ಹಿಂದಿರುಗಬೇಕೆಂಬುದು ಗೊತ್ತಿರಬೇಕು. ಓದಿದ ವಿಷಯ ಮರೆತರೂ ಅದು ‘ಎಡಗಡೆಯ ಪುಟದಲ್ಲಿ, ಕೆಳಗೆ, ಚಿತ್ರದ ಪಕ್ಕದಲ್ಲಿತ್ತು’ ಎಂಬ ನೆನಪು ಉಳಿದಿರುವುದು ಪರೀಕ್ಷೆಯ ಕೊಠಡಿಯಲ್ಲಿ ಕುಳಿತವರೆಲ್ಲರ ಅನುಭವ. ಕಾಗದದ ಪುಸ್ತಕದಲ್ಲಿ ಪ್ರತಿಯೊಂದು ಮಾತಿಗೂ ಒಂದು ಸ್ಥಿರವಾದ ನೆಲೆಯಿದೆ. ಎಷ್ಟು ಓದಿಯಾಯಿತು, ಎಷ್ಟು ಉಳಿಯಿತು ಎಂಬುದನ್ನು ಎರಡು ಕೈಗಳೂ ತೂಕದಿಂದಲೇ ಅರಿಯುತ್ತಿರುತ್ತವೆ. ಪರದೆಯ ಮೇಲೆ ಮಾತು ಬೆರಳಿನೊಡನೆ ಜಾರುತ್ತದೆ. ಒಂದೇ ವಾಕ್ಯ ಒಮ್ಮೆ ಮೇಲಿರುತ್ತದೆ, ಒಮ್ಮೆ ಕೆಳಗೆ. ನಾರ್ವೆ ದೇಶದ ಆನ್ ಮಾಂಗೆನ್ ಅವರು ಫ್ರಾನ್ಸಿನ ಸಹೋದ್ಯೋಗಿಗಳೊಡನೆ ನಡೆಸಿ ೨೦೧೯ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಈ ಸಂಬಂಧದಲ್ಲಿ ಗಮನಾರ್ಹವಾದುದು. ೫೦ ಮಂದಿ ತರುಣರಿಗೆ ೨೮ ಪುಟಗಳ ಪತ್ತೇದಾರಿ ಕಥೆಯೊಂದನ್ನು ಓದಲು ಕೊಟ್ಟರು. ಅರ್ಧ ಮಂದಿ ಅಚ್ಚಾದ ಪುಸ್ತಕದಲ್ಲಿ, ಇನ್ನರ್ಧ ಮಂದಿ ಕಿಂಡಲ್ ಎಂಬ ವಿದ್ಯುನ್ಮಾನ ಪುಸ್ತಕದಲ್ಲಿ ಓದಿದರು. ಕಥೆಯನ್ನು ಅರ್ಥಮಾಡಿಕೊಂಡ ಬಗೆಯಲ್ಲಿ ಎರಡು ಗುಂಪುಗಳೂ ಬಹುಮಟ್ಟಿಗೆ ಸಮ. ಆದರೆ ಯಾವ ಘಟನೆ ಮೊದಲು, ಯಾವುದು ಆಮೇಲೆ ಎಂದು ಕ್ರಮವಾಗಿ ಜೋಡಿಸಲು ಹೇಳಿದಾಗ ಪುಸ್ತಕ ಹಿಡಿದು ಓದಿದವರೇ ಮೇಲಾದರು.

ಇಷ್ಟಾದರೂ ಪರದೆಯ ಮೇಲಿನ ಓದು ಕಣ್ಣಿಗೇ ಒಗ್ಗದೆಂದು ಹೇಳಬಾರದು. ೧೯೮೦ರ ದಶಕದಲ್ಲಿ ಹಾಗೆ ಹೇಳಲು ಆಧಾರವಿತ್ತು. ಆಗಿನ ಗಣಕಯಂತ್ರಗಳಲ್ಲಿ ಕಪ್ಪು ನೆಲದ ಮೇಲೆ ಹಸುರು ಅಕ್ಷರಗಳು ಮಿನುಗುತ್ತಿದ್ದುವು. ಅಕ್ಷರಗಳ ಅಂಚು ಗರಗಸದ ಹಲ್ಲಿನಂತೆ ಕಾಣುತ್ತಿತ್ತು. ಆ ಪರದೆಯ ಮೇಲಿನ ಓದು ಕಾಗದದ ಓದಿಗಿಂತ ನೂರಕ್ಕೆ ಇಪ್ಪತ್ತು ಮೂವತ್ತರಷ್ಟು ನಿಧಾನವೆಂದು ಅಳತೆಗಳಿಂದ ತಿಳಿದುಬಂದಿತ್ತು. ಬಿಳಿಯ ನೆಲದ ಮೇಲೆ ನುಣುಪಾದ ಕರಿಯ ಅಕ್ಷರಗಳನ್ನು ತೋರಿಸಿದರೆ ಆ ವ್ಯತ್ಯಾಸ ಮಾಯವಾಗುತ್ತದೆಂದು ಐ.ಬಿ.ಎಂ. ಸಂಸ್ಥೆಯ ಜಾನ್ ಗೋಲ್ಡ್ ಮತ್ತು ಅವನ ಸಂಗಡಿಗರು ೧೯೮೭ರಲ್ಲಿ ತೋರಿಸಿದರು. ಇಂದಿನ ಒಳ್ಳೆಯ ಮೊಬೈಲಿನ ಅಕ್ಷರಗಳು ಎಷ್ಟೋ ಅಗ್ಗದ ಮುದ್ರಣಕ್ಕಿಂತ ಸ್ಫುಟವಾಗಿವೆ. ಆದುದರಿಂದ ತೊಡಕು ಗಾಜಿನಲ್ಲಿದೆಯೆಂಬ ವಿವರಣೆ ಈಗ ಸಾಲದು.

ತೊಡಕು ಎಲ್ಲಿದೆಯೆಂಬುದನ್ನು ಬಹು ಚತುರವಾಗಿ ಹುಡುಕಿದವರು ಇಸ್ರೇಲಿನ ರಾಕೆಫೆಟ್ ಅಕರ್‌ಮನ್ ಮತ್ತು ಮಾರಿಸ್ ಗೋಲ್ಡ್‌ಸ್ಮಿತ್. ೨೦೧೧ರಲ್ಲಿ ಪ್ರಕಟವಾದ ಅವರ ಪ್ರಯೋಗವನ್ನು ಸ್ವಲ್ಪ ವಿವರವಾಗಿಯೇ ನೋಡೋಣ. ಕಾಲೇಜಿನ ವಿದ್ಯಾರ್ಥಿಗಳಿಗೆ ಸುಮಾರು ಸಾವಿರ ಪದಗಳ ಕೆಲವು ಗದ್ಯಭಾಗಗಳನ್ನು ಕೊಟ್ಟರು. ಒಂದು ಗುಂಪಿಗೆ ಕಾಗದದಲ್ಲಿ, ಇನ್ನೊಂದಕ್ಕೆ ಪರದೆಯ ಮೇಲೆ. ಓದಿ ಮುಗಿಸಿದೊಡನೆ, ಪ್ರಶ್ನೆಗಳನ್ನು ತೋರಿಸುವುದಕ್ಕೆ ಮೊದಲೇ, ‘ನಿನಗೆ ಎಷ್ಟು ಅಂಕ ಬರಬಹುದು?’ ಎಂದು ಕೇಳಿ ಬರೆದುಕೊಂಡರು. ಅನಂತರ ಪರೀಕ್ಷೆ ನಡೆಯಿತು. ಹೀಗೆ ಒಬ್ಬೊಬ್ಬ ವಿದ್ಯಾರ್ಥಿಯಿಂದಲೂ ಎರಡು ಸಂಖ್ಯೆಗಳು ದೊರೆತುವು: ಅವನು ತನಗೆ ತಿಳಿದಿದೆಯೆಂದುಕೊಂಡದ್ದು ಎಷ್ಟು, ನಿಜವಾಗಿ ತಿಳಿದದ್ದು ಎಷ್ಟು.

ಮೊದಲನೆಯ ಪ್ರಯೋಗದಲ್ಲಿ ಓದುವ ಅವಧಿಯನ್ನು ಎಲ್ಲರಿಗೂ ಒಂದೇ ಆಗಿ ಗೊತ್ತುಪಡಿಸಿದ್ದರು. ಗಂಟೆ ಬಾರಿಸುವವರೆಗೆ ಓದಬೇಕು, ಬಾರಿಸಿದೊಡನೆ ನಿಲ್ಲಿಸಬೇಕು. ಆಗ ಎರಡು ಗುಂಪುಗಳ ಅಂಕಗಳಲ್ಲಿ ವ್ಯತ್ಯಾಸವೇ ಇರಲಿಲ್ಲ. ಎಂದರೆ ಪರದೆಯಿಂದ ಮೆದುಳಿಗೆ ವಿಷಯ ಸೇರುವ ದಾರಿಯಲ್ಲಿ ಅಡಚಣೆಯೇನೂ ಇಲ್ಲ. ಎರಡನೆಯ ಪ್ರಯೋಗದಲ್ಲಿ ಎಷ್ಟು ಹೊತ್ತು ಓದಬೇಕೆಂಬುದನ್ನು ವಿದ್ಯಾರ್ಥಿಗಳ ಇಷ್ಟಕ್ಕೇ ಬಿಟ್ಟರು. ಆಗ ಪರದೆಯವರು ಹಿಂದೆ ಬಿದ್ದರು. ಅವರು ಊಹಿಸಿದ ಅಂಕಕ್ಕೂ ಬಂದ ಅಂಕಕ್ಕೂ ಇದ್ದ ಅಂತರ ಕಾಗದದವರದಕ್ಕಿಂತ ಹೆಚ್ಚು; ಕಾಲವನ್ನು ಬಳಸಿಕೊಂಡ ಬಗೆಯೂ ಅಸ್ತವ್ಯಸ್ತ. ಬುದ್ಧಿಯಲ್ಲಿ ಕೊರತೆಯಿಲ್ಲ, ಕಣ್ಣಿನಲ್ಲಿ ಕೊರತೆಯಿಲ್ಲ. ‘ನನಗೆ ಅರ್ಥವಾಯಿತು, ಇನ್ನು ಸಾಕು’ ಎಂದು ಒಳಗಿನಿಂದ ತೀರ್ಪು ಕೊಡುವ ಒಬ್ಬ ಪರೀಕ್ಷಕನು ಎಲ್ಲ ಓದುಗರಲ್ಲಿಯೂ ಇರುತ್ತಾನಷ್ಟೆ, ಪರದೆಯ ಮುಂದೆ ಅವನು ಉದಾರಿಯಾಗಿಬಿಡುತ್ತಾನೆ. ಹಿಂದಿರುಗಿ ನೋಡುವಂತೆ ಕಣ್ಣಿಗೆ ಆಜ್ಞೆ ಮಾಡಬೇಕಾದವನು ಅವನೇ. ಅವನು ತೃಪ್ತನಾಗಿ ಕುಳಿತರೆ ತಿದ್ದುಪಡಿ ಮಾಡುವವರು ಯಾರು?

ಅಮೆರಿಕಾದ ಲಾರೆನ್ ಸಿಂಗರ್ ಮತ್ತು ಪೆಟ್ರೀಷಿಯಾ ಅಲೆಕ್ಸಾಂಡರ್ ೯೦ ಮಂದಿ ವಿದ್ಯಾರ್ಥಿಗಳನ್ನು ಪರೀಕ್ಷಿಸಿ ೨೦೧೭ರಲ್ಲಿ ಪ್ರಕಟಿಸಿದ ಫಲಿತಾಂಶವೂ ಇದನ್ನೇ ಬೇರೊಂದು ಬಗೆಯಲ್ಲಿ ಹೇಳುತ್ತದೆ. ಆ ವಿದ್ಯಾರ್ಥಿಗಳು ಕಾಗದದಲ್ಲಿಯೂ ಓದಿದರು, ಪರದೆಯ ಮೇಲೆಯೂ ಓದಿದರು. ಪರದೆಯೇ ತಮಗೆ ಇಷ್ಟವೆಂದರು. ಅಲ್ಲಿಯೇ ಚೆನ್ನಾಗಿ ಅರ್ಥವಾಯಿತೆಂದೂ ಹೇಳಿದರು. ಒಟ್ಟು ತಾತ್ಪರ್ಯವೇನೆಂದು ಕೇಳಿದಾಗ ಎರಡರಲ್ಲಿಯೂ ಸಮನಾದ ಉತ್ತರ ಬಂದಿತು. ಆದರೆ ಮುಖ್ಯಾಂಶಗಳು ಯಾವುವು, ಅವಕ್ಕೆ ಸಂಬಂಧಿಸಿದ ವಿವರಗಳೇನು ಎಂದು ಕೇಳಿದಾಗ ಕಾಗದದ ಓದೇ ಗೆದ್ದಿತು. ತಾತ್ಪರ್ಯ ತಿಳಿದಿರುವುದರಿಂದಲೇ ಎಲ್ಲವೂ ತಿಳಿದಿದೆಯೆಂಬ ಭ್ರಮೆ ಹುಟ್ಟುವುದು ಸುಲಭವೆಂದು ನಮಗೆ ತೋರುತ್ತದೆ.

ಒಂದೆರಡು ಪ್ರಯೋಗಗಳನ್ನು ನಂಬಿ ನಿರ್ಣಯಕ್ಕೆ ಬರುವುದು ವಿಜ್ಞಾನದ ರೀತಿಯಲ್ಲ. ೨೦೦೦ದಿಂದ ೨೦೧೭ರವರೆಗಿನ ೫೪ ಅಧ್ಯಯನಗಳನ್ನು ಸ್ಪೇನ್ ಮತ್ತು ಇಸ್ರೇಲಿನ ವಿದ್ವಾಂಸರು ಒಟ್ಟುಗೂಡಿಸಿ ೨೦೧೮ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ ೧,೭೦,೦೦೦ಕ್ಕೂ ಹೆಚ್ಚು ಓದುಗರ ಲೆಕ್ಕವಿದೆ. ಅಲ್ಲಿಯೂ ಕಾಗದವೇ ಮೇಲು. ಆದರೆ ಎಷ್ಟು ಮೇಲು? ಪರದೆಯಲ್ಲಿ ಓದಿದ ನೂರು ಮಂದಿಯನ್ನು ಅಂಕಗಳ ಕ್ರಮದಲ್ಲಿ ನಿಲ್ಲಿಸಿ, ಕಾಗದದಲ್ಲಿ ಓದಿದ ಸಾಧಾರಣ ಓದುಗನೊಬ್ಬನನ್ನು ತಂದು ಆ ಸಾಲಿನಲ್ಲಿ ಸೇರಿಸಿದರೆ, ಅವನು ಐವತ್ತು ಜನರ ಮುಂದೆ ನಿಲ್ಲುವ ಬದಲು ಐವತ್ತೆಂಟು ಜನರ ಮುಂದೆ ನಿಲ್ಲುತ್ತಾನೆ. ವ್ಯತ್ಯಾಸ ಚಿಕ್ಕದೇ, ಪತ್ರಿಕೆಗಳ ತಲೆಬರಹಗಳಲ್ಲಿ ಕಾಣುವಷ್ಟು ಭಯಂಕರವಲ್ಲ. ಕಥೆಗಳನ್ನಷ್ಟೇ ಓದಿದ ಅಧ್ಯಯನಗಳಲ್ಲಿ ಅದು ಕಾಣಿಸಲೇ ಇಲ್ಲ. ವಿಷಯನಿರೂಪಣೆಯ ಗದ್ಯದಲ್ಲಿ, ಅದರಲ್ಲಿಯೂ ಕಾಲಮಿತಿಯ ಒತ್ತಡವಿದ್ದಾಗ, ಎದ್ದು ಕಂಡಿತು. ಪಠ್ಯಪುಸ್ತಕವೂ ಪರೀಕ್ಷೆಯೂ ಈ ಎರಡನೆಯ ವರ್ಗಕ್ಕೆ ಸೇರಿದುವೆಂದು ಬೇರೆಯಾಗಿ ಹೇಳಬೇಕಾಗಿಲ್ಲ. ನಮ್ಮನ್ನು ಆಶ್ಚರ್ಯಪಡಿಸಿದ ಅಂಶವೆಂದರೆ, ವರ್ಷಗಳು ಕಳೆದಂತೆ ಈ ಅಂತರ ಕಡಮೆಯಾಗದೆ ಹೆಚ್ಚಿರುವುದು. ಪರದೆಗಳ ನಡುವೆಯೇ ಹುಟ್ಟಿ ಬೆಳೆದ ಪೀಳಿಗೆಗೆ ಅದು ತಾನಾಗಿಯೇ ಒಗ್ಗಿಹೋಗುತ್ತದೆಂಬ ನಿರೀಕ್ಷೆ ಸುಳ್ಳಾಯಿತು.

ಒಳಗಿನ ಪರೀಕ್ಷಕನು ಪರದೆಯ ಮುಂದೆ ಏಕೆ ಸಡಿಲನಾಗುತ್ತಾನೆ? ಅಭ್ಯಾಸಬಲದಿಂದ ಎಂಬುದು ಹೆಚ್ಚಿನ ವಿದ್ವಾಂಸರ ಊಹೆ, ಅದು ನಮಗೂ ಸಮಂಜಸವಾಗಿ ಕಾಣುತ್ತದೆ. ದಿನವೊಂದರಲ್ಲಿ ಮೊಬೈಲಿನ ಮೇಲೆ ನಾವು ಓದುವುದೇನನ್ನು? ಎರಡು ಸಾಲಿನ ಸಂದೇಶ, ಸುದ್ದಿಯ ತಲೆಬರಹ, ಚಿತ್ರದ ಕೆಳಗಿನ ಮಾತು. ಒಮ್ಮೆ ಕಣ್ಣಾಡಿಸಿದರೆ ಅವುಗಳ ಕೆಲಸ ಮುಗಿಯಿತು. ಹಿಂದಿರುಗಿ ನೋಡಬೇಕಾದ ಪ್ರಮೇಯವೇ ಇಲ್ಲ. ಇಂಥ ಓದಿಗೆ ಸಡಿಲ ಪರೀಕ್ಷಕನೇ ಸಾಕು, ಅವನೇ ಸರಿ. ತೊಂದರೆಯೇನೆಂದರೆ ಅದೇ ಗಾಜಿನ ಮೇಲೆ ಉಷ್ಣಗತಿವಿಜ್ಞಾನದ ಪಾಠ ಬಂದಾಗಲೂ ಅವನು ಕುಳಿತಲ್ಲಿಂದ ಏಳುವುದಿಲ್ಲ.

ಹಾಗೆಂದು ‘ಮೊಬೈಲನ್ನು ಬದಿಗಿಟ್ಟು ಪುಸ್ತಕ ಹಿಡಿಯಿರಿ’ ಎಂದು ಉಪದೇಶಿಸಲು ನಮಗೆ ಮನಸ್ಸಿಲ್ಲ. ಪುಸ್ತಕ ಕೊಳ್ಳಲಾರದ, ಗ್ರಂಥಾಲಯ ಹತ್ತಿರವಿಲ್ಲದ ವಿದ್ಯಾರ್ಥಿಗೆ ಆ ಪರದೆಯೇ ಗ್ರಂಥಾಲಯ. ಅದೃಷ್ಟವಶಾತ್ ಅಕರ್‌ಮನ್ ಅವರು ಟಿರ್ಜಾ ಲಾಟರ್‌ಮನ್ ಎಂಬವರೊಡನೆ ನಡೆಸಿ ೨೦೧೪ರಲ್ಲಿ ಪ್ರಕಟಿಸಿದ ಇನ್ನೊಂದು ಪ್ರಯೋಗವು ಇದಕ್ಕೆ ಪರಿಹಾರವನ್ನೂ ಸೂಚಿಸಿದೆ. ಓದಿ ಮುಗಿಸಿ ಸ್ವಲ್ಪ ಹೊತ್ತಾದ ಮೇಲೆ, ಗದ್ಯಭಾಗವನ್ನು ನೋಡದೆ, ಅದರ ತಿರುಳನ್ನು ಸೂಚಿಸುವ ಕೆಲವು ಪದಗಳನ್ನು ಬರೆಯುವಂತೆ ವಿದ್ಯಾರ್ಥಿಗಳಿಗೆ ಹೇಳಿದರು. ಇಷ್ಟರಿಂದಲೇ ಪರದೆಯವರು ಕಾಗದದವರ ಸಮಕ್ಕೆ ಬಂದರು. ಇಲ್ಲಿ ‘ಸ್ವಲ್ಪ ಹೊತ್ತಾದ ಮೇಲೆ’ ಎಂಬುದೇ ಮುಖ್ಯ. ಓದಿದ ಕೂಡಲೇ ಬರೆದರೆ ಕಿವಿಯಲ್ಲಿ ಇನ್ನೂ ಗುಂಯ್ಗುಡುತ್ತಿರುವ ಮಾತನ್ನು ನಕಲು ಮಾಡಿದಂತಾಗುತ್ತದೆ. ಸ್ವಲ್ಪ ತಡೆದು ಬರೆಯಹೊರಟಾಗ ಏನು ನಿಂತಿದೆ, ಏನು ಸೋರಿಹೋಗಿದೆ ಎಂಬುದು ತಾನಾಗಿಯೇ ಬಯಲಾಗುತ್ತದೆ. ಒಳಗಿನ ಪರೀಕ್ಷಕನಿಗೆ ಎಚ್ಚರವಾಗುತ್ತದೆ.

ಹೊಸ ಸಾಧನವೊಂದು ಬಂದಾಗ ಬುದ್ಧಿ ಕೆಡುವುದೆಂಬ ಭೀತಿ ಹೊಸದಲ್ಲ. ಬರವಣಿಗೆಯನ್ನು ಕಲಿತವರು ನೆನಪಿನ ಶಕ್ತಿಯನ್ನು ಕಳೆದುಕೊಳ್ಳುವರೆಂಬ ಆಕ್ಷೇಪ ಪ್ಲೇಟೋವಿನ ‘ಫೀಡ್ರಸ್’ ಸಂವಾದದಲ್ಲಿಯೇ ಬರುತ್ತದೆ. ಆ ಆಕ್ಷೇಪ ನಮಗೆ ತಲಪಿರುವುದು ಬರವಣಿಗೆಯಿಂದಲೇ ಎಂಬುದು ಬೇರೆಯ ಮಾತು. ಈಗ ಅದೇ ಆಕ್ಷೇಪ ಗೂಗಲ್ ಮುಂತಾದ ಶೋಧನಸಾಧನಗಳ ಮೇಲೆ ಬಂದಿದೆ. ಕಷ್ಟವಾದ ಪ್ರಶ್ನೆ ಕೇಳಿದೊಡನೆ ನಮ್ಮ ಮನಸ್ಸಿಗೆ ಗಣಕಯಂತ್ರವೇ ಹೊಳೆಯುತ್ತದೆ, ಮುಂದೆ ಸಿಕ್ಕುವುದೆಂದು ನಂಬಿದ ವಿಷಯವನ್ನು ನಾವು ನೆನಪಿನಲ್ಲಿಡುವುದಿಲ್ಲ ಎಂದು ೨೦೧೧ರಲ್ಲಿ ಬೆಟ್ಸಿ ಸ್ಪ್ಯಾರೋ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗಗಳು ಲೋಕಪ್ರಸಿದ್ಧವಾದುವು. ಆದರೆ ಪ್ರಸಿದ್ಧವಾದ ೨೧ ಪ್ರಯೋಗಗಳನ್ನು ಬೇರೆ ವಿಜ್ಞಾನಿಗಳು ಮತ್ತೆ ಮಾಡಿ ನೋಡಿ ೨೦೧೮ರಲ್ಲಿ ವರದಿ ಮಾಡಿದಾಗ ೧೩ ಮಾತ್ರ ನಿಂತುವು. ಬಿದ್ದವುಗಳಲ್ಲಿ, ಕಷ್ಟವಾದ ಪ್ರಶ್ನೆಗೆ ಗಣಕಯಂತ್ರ ಹೊಳೆಯುತ್ತದೆಂಬ ಆ ಪ್ರಯೋಗವೂ ಒಂದು. ಮೇಜಿನ ಮೇಲೆ ಮೊಬೈಲು ಸುಮ್ಮನೆ ಬಿದ್ದಿದ್ದರೂ ಏಕಾಗ್ರತೆ ಕುಂದುತ್ತದೆಂದು ಸುಮಾರು ೮೦೦ ಮಂದಿಯನ್ನು ಪರೀಕ್ಷಿಸಿ ೨೦೧೭ರಲ್ಲಿ ಹೇಳಿದ ಅಧ್ಯಯನಕ್ಕೂ ಆಮೇಲಿನ ಪ್ರಯೋಗಗಳಿಂದ ಒಮ್ಮುಖವಾದ ಬೆಂಬಲ ದೊರೆತಿಲ್ಲ. ಇಂಥ ಫಲಿತಾಂಶಗಳನ್ನು ಸುಭಾಷಿತಗಳಂತೆ ಉರುಹೊಡೆಯುವುದು ಸರಿಯಲ್ಲ.

ಓದು ಒಬ್ಬನೇ ಕುಳಿತು ಮಾಡುವ ಕೆಲಸವಾದದ್ದು ಇತ್ತೀಚೆಗೆ. ನಮ್ಮ ಹಳ್ಳಿಗಳಲ್ಲಿ ಕುಮಾರವ್ಯಾಸನ ಭಾರತವನ್ನು ಒಬ್ಬರು ಓದುತ್ತಿದ್ದರು, ಒಬ್ಬರು ಅರ್ಥ ಹೇಳುತ್ತಿದ್ದರು, ಊರೇ ಕೇಳುತ್ತಿತ್ತು. ಪುಟ್ಟ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಚಿತ್ರದ ಪುಸ್ತಕ ಓದುವುದರಲ್ಲಿ ಆ ಸಹವಾಚನ ಇನ್ನೂ ಉಳಿದಿದೆ. ಅಮೆರಿಕಾದ ಮಿಶಿಗನ್ನಿನಲ್ಲಿ ಟಿಫನಿ ಮನ್ಜರ್ ಮತ್ತು ಸಂಗಡಿಗರು ೩೭ ಮಂದಿ ತಂದೆತಾಯಿಯರೂ ಅವರ ಪುಟ್ಟ ಮಕ್ಕಳೂ ಜೊತೆಯಾಗಿ ಓದುವುದನ್ನು ವೀಕ್ಷಿಸಿ ೨೦೧೯ರಲ್ಲಿ ವರದಿ ಮಾಡಿದರು. ಕಾಗದದ ಪುಸ್ತಕವಿದ್ದಾಗ ಇಬ್ಬರ ನಡುವೆ ಮಾತುಕತೆ ಹೆಚ್ಚಾಗಿತ್ತು. ಅದೇ ಬಗೆಯ ಕಥೆ ಟ್ಯಾಬ್ಲೆಟ್ಟಿನ ಪರದೆಯ ಮೇಲಿದ್ದಾಗ ಕಥೆಯ ಮಾತು ಕಡಮೆಯಾಗಿ, ‘ಅದನ್ನು ಒತ್ತಬೇಡ’, ‘ಹಿಡಿದುಕೋ’ ಎಂಬಂಥ ಸಾಧನದ ಮಾತು ಹೆಚ್ಚಾಯಿತು. ಮಗುವು ‘ಇದೇನು? ಅವನೇಕೆ ಅಳುತ್ತಾನೆ?’ ಎಂದು ಕೇಳಿ ಹಿಂದಿನ ಪುಟಕ್ಕೆ ಎಳೆಯುವುದೂ ಒಂದು ಬಗೆಯ ಹಿಂದಿರುಗುವ ನೆಗೆತವೇ. ಅದನ್ನು ಕಲಿಸುವುದು ಪಕ್ಕದಲ್ಲಿರುವ ಮನುಷ್ಯ.

ಇಷ್ಟು ಹೊತ್ತು ಅನ್ಯರ ಪ್ರಯೋಗಗಳನ್ನು ಕೇಳಿದ ವಿದ್ಯಾರ್ಥಿಗಳು ತಮ್ಮ ತರಗತಿಯಲ್ಲಿಯೇ ಒಂದನ್ನು ಮಾಡಿ ನೋಡಬಹುದು. ಯಾರೂ ಓದಿರದ ಎರಡು ಗದ್ಯಭಾಗಗಳನ್ನು ಆರಿಸಿಕೊಳ್ಳಿ. ಎರಡೂ ಒಂದೇ ಉದ್ದದವು, ಒಂದೇ ಕಷ್ಟದವು ಆಗಿರಲಿ. ಒಂದೊಂದಕ್ಕೂ ಹತ್ತು ಪ್ರಶ್ನೆಗಳನ್ನು ಅಧ್ಯಾಪಕರಿಂದ ಸಿದ್ಧಪಡಿಸಿಕೊಳ್ಳಿ. ತರಗತಿಯ ಅರ್ಧದಷ್ಟು ಮಂದಿ ಮೊದಲನೆಯ ಭಾಗವನ್ನು ಕಾಗದದಲ್ಲಿಯೂ ಎರಡನೆಯದನ್ನು ಮೊಬೈಲಿನಲ್ಲಿಯೂ ಓದಲಿ. ಉಳಿದವರು ಇದಕ್ಕೆ ವ್ಯತಿರಿಕ್ತವಾಗಿ ಓದಲಿ. ಹೀಗೆ ಅದಲುಬದಲು ಮಾಡದಿದ್ದರೆ, ಕಂಡ ವ್ಯತ್ಯಾಸ ಪರದೆಯಿಂದ ಬಂದುದೋ ಗದ್ಯಭಾಗದ ಕಷ್ಟದಿಂದ ಬಂದುದೋ ತಿಳಿಯುವುದಿಲ್ಲ. ಎರಡು ಗುಂಪುಗಳಲ್ಲಿಯೂ ಅರ್ಧ ಮಂದಿ ಕಾಗದದಿಂದ, ಅರ್ಧ ಮಂದಿ ಮೊಬೈಲಿನಿಂದ ಆರಂಭಿಸುವುದೂ ಅವಶ್ಯ; ಎರಡನೆಯ ಓದಿನ ವೇಳೆಗೆ ದಣಿವಾಗಿರುತ್ತದೆ. ಕಾಲಮಿತಿಯನ್ನು ಹಾಕಬೇಡಿ, ಆದರೆ ಪ್ರತಿಯೊಬ್ಬರೂ ತೆಗೆದುಕೊಂಡ ನಿಮಿಷಗಳನ್ನು ಗುರುತುಹಾಕಿಕೊಳ್ಳಿ. ಓದಿ ಮುಗಿದೊಡನೆ, ಪ್ರಶ್ನೆಗಳನ್ನು ಕೊಡುವ ಮೊದಲು, ಹತ್ತರಲ್ಲಿ ಎಷ್ಟಕ್ಕೆ ಸರಿಯುತ್ತರ ಕೊಡಬಲ್ಲೆನೆಂಬುದನ್ನು ಪ್ರತಿಯೊಬ್ಬನೂ ಬರೆದಿಡಲಿ. ಉತ್ತರಗಳನ್ನು ತಿದ್ದಿದ ಮೇಲೆ, ಬರೆದಿಟ್ಟ ಸಂಖ್ಯೆಯಿಂದ ಬಂದ ಅಂಕವನ್ನು ಕಳೆದು, ಕಾಗದಕ್ಕೂ ಮೊಬೈಲಿಗೂ ಪ್ರತ್ಯೇಕವಾಗಿ ಸರಾಸರಿ ತೆಗೆಯಿರಿ. ಮೊದಲು ಬರೆದಿಡುವ ಆ ಸಂಖ್ಯೆಯನ್ನು ಪೆನ್ಸಿಲಿನಲ್ಲಿ ಬರೆಯಗೊಡದೆ ಶಾಯಿಯಲ್ಲಿಯೇ ಬರೆಯಿಸಿ. ಅಂಕ ತಿಳಿದ ಮೇಲೆ ಅದನ್ನು ಒಂದಿಷ್ಟು ಸರಿಪಡಿಸುವ ಆಸೆ ಎಂಥವರಿಗೂ ಹುಟ್ಟುತ್ತದೆ.